ಎದ್ದು ನಿಂತ ಪದರು

ಬಹಳ ಹಿಂದೆ, ಬೆಟ್ಟಗಳೂ ಮಾತು ಕೇಳುತ್ತಿದ್ದ ಕಾಲದಲ್ಲಿ, ಹೇಮಾವಳಿ ಎಂಬ ರಾಜ್ಯವಿತ್ತು. ಅಲ್ಲಿ ಕಲ್ಲು ಕಡಿದು ಬದುಕುತ್ತಿದ್ದ ಕೆಂಚವ್ವ ಪರವೂರಿನ ಕೆಲಸ ಮುಗಿಸಿ ಬಂದಾಗ ಅವಳ ಊರೇ ಇರಲಿಲ್ಲ. ಕೆರೆಯ ಕೆಸರು, ಮನೆಗಳು, ಮಗಳು ಸಿದ್ಲಿ, ಎಲ್ಲ ಒಂದು ಹೊಸ ಬೆಟ್ಟದೊಳಗೆ ಸೇರಿಹೋಗಿದ್ದವು.

ಕೆರೆಯ ಮೇಲೆ ಕಣ್ಣಿಟ್ಟಿದ್ದ ರಾಜಗುರು ಭೃಂಗಕೇತು ಪೂರ್ವದ ಅರಮನೆಯಲ್ಲಿದ್ದ. ಕೆಂಚವ್ವ ಅಲ್ಲಿಗೆ ಹೋಗಿ ಕೇಳಿದಾಗ, "ಮೇಲಿಂದ ಬಂದ ಭಾರ, ತಾಯಿ. ಹಣೆಬರಹ. ಯಾರನ್ನು ಬೈದು ಏನು ಮಾಡುತ್ತೀ?" ಎಂದ.

ಕೆಂಚವ್ವನಿಗೆ ಮೈಯೆಲ್ಲ ಉರಿಯಿತು. ಉಳಿ ಹಿಡಿದು ಬೆಟ್ಟದ ಗುಹೆಗೆ ನುಗ್ಗಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹಾವು ಹೆಡೆಯೆತ್ತಿ ಕೇಳಿತು, "ಈ ಬಾಗಿಲು ಯಾವ ಕಲ್ಲು? ತಪ್ಪಿದರೆ ನೀನೂ ಕಲ್ಲು."

"ಬೂದು ಬಣ್ಣ, ಹಾಳೆಹಾಳೆಯಾಗಿ ಸೀಳ್ತದೆ. ಪಾಟಿಕಲ್ಲು. ನಮ್ಮ ಕೆರೆಯ ಕೆಸರೇ, ಒತ್ತಿ ಒಂಚೂರು ಬೇಯಿಸಿದ್ದು. ದಾರಿ ಬಿಡು."

ಎರಡನೆಯ ಬಾಗಿಲ ಬಳಿ ಸೆಕೆ ಹೆಚ್ಚಿತ್ತು. ಬಾಗಿಲು ಮಿಣಮಿಣ ಹೊಳೆಯುತ್ತಿತ್ತು. ಹಾವು ಮತ್ತೆ ಕೇಳಿತು.

"ಕಾಗೆಬಂಗಾರದ ಕಲ್ಲು. ಅದೇ ಕೆಸರು, ಇನ್ನೂ ಬೆಂದಿದೆ."

ಮೂರನೆಯದರ ಬಳಿ ಉಸಿರೇ ಸುಡುತ್ತಿತ್ತು. ಬಾಗಿಲ ತುಂಬ ಕಪ್ಪು ಬಿಳಿ ಪಟ್ಟೆಗಳು.

"ಪಟ್ಟೆಗಲ್ಲು. ಅದೇ ಕೆಸರು, ಕರಗೋದೊಂದು ಬಾಕಿ. ಒಳಗೆ ನನ್ನ ಮಗಳಿದ್ದಾಳೆ."

"ಒತ್ತಿದ್ದು ಯಾರು? ಅದನ್ನು ಹೇಳಿದರೆ ಮಾಯೆ ಬಿಚ್ಚುತ್ತದೆ," ಎಂದಿತು ಹಾವು. ಅವಳಿಗಿಂತ ಮೊದಲು ಬಂದವರೆಲ್ಲ ಗುರುವಿನ ಮಾತು ನಂಬಿ 'ಬೆಟ್ಟದ ಭಾರ' ಎಂದಿದ್ದರು. ಅವರು ಅಲ್ಲೇ ಕಲ್ಲಾಗಿ ನಿಂತಿದ್ದರು.

ಕೆಂಚವ್ವ ಸಿಟ್ಟಿನಲ್ಲಿ ಉಳಿಯಿಟ್ಟು ಬಡಿದಳು. ಉಳಿಯ ಮೊನೆ ಮುರಿಯಿತು. ಕಲ್ಲನ್ನು ಒದ್ದೆ ಮಾಡಿ, ಪದರು ನೋಡಿ, ಆಮೇಲೆ ಉಳಿಯಿಡುವುದು ಅವರ ಮನೆತನದ ಪದ್ಧತಿ. ಸಿಟ್ಟಿನಲ್ಲಿ ಅದನ್ನೇ ಮರೆತಿದ್ದಳು. ನೀರಿರಲಿಲ್ಲ. ಕ್ಯಾಕರಿಸಿ ಉಗಿದಳು.

ಒದ್ದೆಯಲ್ಲಿ ಪದರು ಎದ್ದು ಕಂಡಿತು. ಉತ್ತರ ದಕ್ಷಿಣಕ್ಕೆ ಕಟ್ಟಿದ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು.

"ಮೇಲಿಂದ ಒತ್ತಿದ್ರೆ ಪದರು ಚಾಪೆ ಹಾಗೆ ಮಲಗಬೇಕಿತ್ತು," ಎಂದಳು ಕೆಂಚವ್ವ, ಹಲ್ಲು ಕಚ್ಚಿ. "ಇದು ನಿಂತಿದೆ. ಪಕ್ಕದಿಂದ ದಬ್ಬಿದ್ದಾರೆ. ಪಶ್ಚಿಮಕ್ಕಿರೋದು ಅಲುಗದ ಹಳೇ ಬಂಡೆ. ಪೂರ್ವಕ್ಕಿರೋನು ಭೃಂಗಕೇತು. ಅವನೇ."

ಹಾವು ತಲೆ ತಗ್ಗಿಸಿತು. ಪಟ್ಟೆಗಲ್ಲು ಕಾಗೆಬಂಗಾರದ ಕಲ್ಲಾಯಿತು, ಅದು ಪಾಟಿಕಲ್ಲಾಯಿತು, ಪಾಟಿಕಲ್ಲು ಕೆಸರಾಗಿ ಕೆರೆಗಿಳಿಯಿತು. ಮನೆಗಳು ಮೇಲೆದ್ದವು. ಒಳಗೆ ಸಿಕ್ಕಿದ್ದ ಊರವರೂ ಕಲ್ಲಾಗಿದ್ದವರೂ ಮೈ ಕೊಡವಿ ಎದ್ದರು. ಅರಮನೆಯಲ್ಲಿ ಭೃಂಗಕೇತು ಪದರೇ ಇಲ್ಲದ ಗುಂಡುಕಲ್ಲಾಗಿ ಉರುಳಿದ. ಊರವರು ಅದನ್ನು ತಂದು ಕೆರೆಯ ದಡಕ್ಕೆ ಹಾಕಿ, ಕೆಸರುಗಾಲು ಉಜ್ಜಿಕೊಳ್ಳುತ್ತ ಸುಖವಾಗಿ ಬಾಳಿದರು.

ಅಂದು ಮೈತುಂಬ ಕೆಸರು ಮೆತ್ತಿಕೊಂಡೇ ಎದ್ದು ಬಂದ ಸಿದ್ಲಿ ಕೇಳಿದ್ದಳು, "ನಾನು ಬಂದೆನಲ್ಲವ್ವಾ, ಇನ್ನೂ ಯಾಕೆ ಸಿಟ್ಟು?"

ಕೆಂಚವ್ವ ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. "ದಬ್ಬಿದ್ದೂ ಅಲ್ದೆ ಹಣೆಬರಹ ಅಂದನಲ್ಲೇ, ಅದಕ್ಕೆ."