ಹೊರಗೆ ಹೋದವರು ಮತ್ತೆ ಬರಬಹುದು

"ಯಾರು ಅಲ್ಲಿ?"

ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಇಂದ್ರಾ ಬೆಚ್ಚಿಬಿದ್ದಳು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ದಾವಣಿಯ ಸೆರಗನ್ನು ಬಾಯಿಗೆ ಅದುಮಿಕೊಂಡರೂ ಅದು ನಿಲ್ಲಲಿಲ್ಲ.

ಎದುರಿಗೆ ಸುಣ್ಣದ ಬಕೆಟ್ ಹಿಡಿದು ಚನ್ನಕೇಶವ ನಿಂತಿದ್ದ. ಬಿ.ಎಸ್ಸಿ. ಕೊನೆಯ ವರ್ಷದವನು. ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಗೆರೆ ಎಳೆಯುವುದು, ಪಂದ್ಯದಲ್ಲಿ ಗಡಿಯಾರ ಹಿಡಿದು ಅಂಕ ಬರೆಯುವುದು ಅವನ ಕೆಲಸ.

"ಉಬ್ಬಸಾನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಸಿಳ್ಳೆ ಹೌದೆಂದಿತು.

"ಯಾರಿಗೂ... ಹೇಳ್ಬೇಡಿ... ದಮ್ಮಯ್ಯ!"

ಅವನು ಬಕೆಟ್ಟಿಗೆ ನೀರು ತುಂಬಿಸಿದ. ಬಕೆಟ್ ಎತ್ತಿಕೊಂಡು, "ನಾನು ಸುಣ್ಣಕ್ಕೆ ನೀರು ತಗೊಳ್ಳೋಕೆ ಬಂದಿದ್ದೆ. ಇಲ್ಲಿ ಯಾರೂ ಇರಲಿಲ್ಲ," ಎಂದು ಹೊರಟುಹೋದ.

ಅದು ಐವತ್ತಾರನೆಯ ಇಸವಿಯ ಜನವರಿ. ರಾಜಾಜಿನಗರದ ಅರ್ಧದಲ್ಲಿ ಮನೆಗಳು ಏಳುತ್ತಿದ್ದವು, ಉಳಿದರ್ಧ ಇನ್ನೂ ರಾಗಿಹೊಲ. ನಡುವಿನ ಮೈದಾನದಲ್ಲಿ ಕಾಲೇಜುಗಳ ಲೀಗ್ ನಡೆಯುತ್ತಿತ್ತು. ಹುಡುಗಿಯರ ಆಟದಲ್ಲಿ ಅಂಕಣದ ನಡುವೆ ಒಂದು ಗೆರೆ. ತಂಡದ ಮೂವರು ಈಚೆ ತಡೆಯಲು, ಮೂವರು ಆಚೆ ಬುಟ್ಟಿಗೆ ಎಸೆಯಲು. ಯಾರೂ ದಾಟುವಂತಿಲ್ಲ.

ಆ ಗೆರೆಯೇ ಇಂದ್ರಾಳನ್ನು ಕಾಪಾಡಿತ್ತು. ಅರ್ಧ ಅಂಕಣವಷ್ಟೇ ಓಡಬೇಕು. ಚೆಂಡು ಆಚೆ ಇದ್ದಾಗ ನಿಂತು ಉಸಿರು ಹೊಂದಿಸಿಕೊಳ್ಳಬಹುದು. ಆದರೆ ಇನ್ನೊಂದು ನಿಯಮ ಕೊಲ್ಲುವಂಥದ್ದು. ಆಟದ ನಡುವೆ ಒಮ್ಮೆ ಹೊರಗೆ ಹೋದವರು ಆ ದಿನ ಮತ್ತೆ ಒಳಗೆ ಬರುವಂತಿಲ್ಲ.

ಮಾರೇನಹಳ್ಳಿಯ ಮನೆಯಲ್ಲಿ ಅಪ್ಪ ಕೆಂಚಪ್ಪ ಒಂದೇ ಮಾತು ಹೇಳಿದ್ದ.

"ಆ ಆಟದ ಮೇಡಂ ನಿನ್ನ ಟೀಮಿಗೆ ಆರಿಸಿ, ಮದ್ರಾಸಿನ ಟ್ರೈನಿಂಗಿಗೆ ಕಳಿಸಿದ್ರೆ ಹೋಗು, ಆಟದ ಮೇಷ್ಟ್ರಾಗು. ಇಲ್ಲಾಂದ್ರೆ ಯುಗಾದಿಗೆ ಮುಂಚೆ ಹೇರೋಹಳ್ಳಿ ಗಂಡಿಗೆ ಕೊಟ್ಟುಬಿಡ್ತೀನಿ."

ಹೇರೋಹಳ್ಳಿ ಗಂಡಿಗೆ ನಲವತ್ತು ವರ್ಷ. ಮೊದಲ ಹೆಂಡತಿ ಸತ್ತು ಆರು ತಿಂಗಳು.

ಉಬ್ಬಸದ ಹುಡುಗಿಯನ್ನು ಯಾರು ಆರಿಸುತ್ತಾರೆ?

* * *

ಎರಡು ವಾರ ಕಳೆದು ಕಾಲೇಜಿನ ಫಲಕದಲ್ಲಿ ಒಂದು ಹಾಳೆ ಅಂಟಿಸಿದ್ದರು. 'ಆಟ ತಡೆಯಿಲ್ಲದೆ ಸಾಗಲು ಸೂಚಿಸಿರುವ ಬದಲಾವಣೆಗಳು.' ಕೆಳಗೆ ಚನ್ನಕೇಶವನ ಸಹಿ.

ಒಂದು: ನಡುಗೆರೆ ತೆಗೆಯುವುದು. ತಂಡಕ್ಕೆ ಐವರು, ಎಲ್ಲರೂ ಇಡೀ ಅಂಕಣ ಓಡಬೇಕು.

ಎರಡು: ಚೆಂಡು ಕೈಗೆ ಬಂದ ಮೂವತ್ತು ಸೆಕೆಂಡಿನಲ್ಲಿ ಬುಟ್ಟಿಗೆ ಎಸೆಯಬೇಕು.

ಮುಂದಿನದು ಇಂದ್ರಾಳ ಕಣ್ಣಿಗೆ ಕಾಣಲಿಲ್ಲ.

'ನನ್ನ ನೋಡಿದ್ದು ಇವನೊಬ್ಬನೇ... ನೋಡಿದವನೇ ಹೀಗೆ ಬರೆದನಾ?'

ಮೆಟ್ಟಿಲ ಬಳಿ ಅವನು ಎದುರಾದ.

"ಓದಿದ್ರಾ?" ಮುಖದ ತುಂಬ ಉತ್ಸಾಹ.

"ಓದ್ದೆ. ಒಂದು ಮಾತು ಹೇಳಿದ್ರೆ ನಾನೇ ಆಟ ಬಿಡ್ತಿದ್ನಲ್ರೀ. ಇಷ್ಟೆಲ್ಲಾ ಟೈಪ್ ಮಾಡಿಸ್ಬೇಕಿತ್ತಾ?"

"ಅಲ್ಲ ರೀ, ಪೂರ್ತಿ..."

ಅವಳು ನಿಲ್ಲಲಿಲ್ಲ.

ಹೊಸ ನಿಯಮಗಳನ್ನು ಮುಂದಿನ ವಾರ ಒಂದು ಪ್ರಯೋಗ ಪಂದ್ಯದಲ್ಲಿ ಆಡಿ ನೋಡುವುದೆಂದೂ, ಅಂದೇ ತಂಡ ಆರಿಸುವುದೆಂದೂ ವ್ಯಾಯಾಮದ ಅಲಮೇಲು ಮೇಡಂ ಸಾರಿದರು. ಅಲ್ಲಿಯವರೆಗೆ ದಿನಾ ಅಭ್ಯಾಸ. ಇಂದ್ರಾ ಜ್ವರವೆಂದು ಚೀಟಿ ಕಳಿಸಿ ಒಂದು ದಿನವೂ ಹೋಗಲಿಲ್ಲ. ಅಲ್ಲಿ ಓಡಿದರೆ ಸಿಳ್ಳೆ ಎಲ್ಲರಿಗೂ ಕೇಳಿಸುತ್ತದೆ. ಓಡುವುದಿದ್ದರೆ ಒಂದೇ ದಿನ ಓಡಿ ಮುಗಿಸಬೇಕು.

ರಾತ್ರಿಗಳಲ್ಲಿ ಉಸಿರು ಎಣಿಸುತ್ತ ಮಲಗುತ್ತಿದ್ದಳು. ಹೆದರಿದಷ್ಟೂ ಎದೆ ಬಿಗಿಯುತ್ತಿತ್ತು. ಎದೆ ಬಿಗಿದಷ್ಟೂ ಹೆದರಿಕೆ.

* * *

ಪಂದ್ಯದ ದಿನ ನಡುಗೆರೆ ಇರಲಿಲ್ಲ. ಅಳಿಸಿದ ಜಾಗದಲ್ಲಿ ಮಣ್ಣು ಮಾತ್ರ ಕೆಂಪಗೆ ಕಾಣುತ್ತಿತ್ತು.

ಮೊದಲ ಐದು ನಿಮಿಷ ಚೆನ್ನಾಗಿ ಆಡಿದಳು. ಎರಡು ಬುಟ್ಟಿ ಹಾಕಿದಳು! ಗೆರೆಯ ಈಚೆಗೇ ನಿಂತು ತಡೆಯುತ್ತಿದ್ದವಳು ಹಿಂದೆಂದೂ ಬುಟ್ಟಿಗೆ ಎಸೆದೇ ಇರಲಿಲ್ಲ. ಒಂದು ಕ್ಷಣ ನಗು ಬಂತು.

ಆರನೆಯ ನಿಮಿಷಕ್ಕೆ ಸಿಳ್ಳೆ ಶುರುವಾಯಿತು.

ಏಳನೆಯದಕ್ಕೆ ಗಾಳಿ ಒಳಗೆ ಹೋಗಲೊಲ್ಲದು. ತುಟಿ ನೀಲಿಯಾಯಿತು. ಚೆಂಡು ಒಂದಿದ್ದದ್ದು ಎರಡಾಗಿ ಕಂಡಿತು.

ಅಂಕದ ಮೇಜಿನಲ್ಲಿ ಚನ್ನಕೇಶವ ಗಂಟೆ ಬಾರಿಸಿದ. ಆಟ ನಿಂತಿತು. ಅವನು ಗೆರೆಯ ಅಂಚಿಗೆ ಓಡಿಬಂದ.

"ಹೊರಗೆ ಬನ್ನಿ!"

"ಬರಲ್ಲ..."

"ಬನ್ನಿ ರೀ! ಮತ್ತೆ ಒಳಗೆ ಹೋಗ್ಬಹುದು. ಮೂರನೇ ನಿಯಮ. ಹೊರಗೆ ಹೋದವರು ಎಷ್ಟು ಸಲ ಬೇಕಾದ್ರೂ ವಾಪಸ್ ಬರ್ಬಹುದು!"

"ಸುಳ್ಳು... ನನ್ನ ತೆಗೆಯೋಕೆ..."

"ಅಭ್ಯಾಸಕ್ಕೆ ಬಂದಿದ್ರೆ ಗೊತ್ತಿರ್ತಿತ್ತು. ನೋಡಿ ಇಲ್ಲಿ!" ಹಾಳೆ ಚಾಚಿದ. ಅವಳ ಕಣ್ಣಿಗೆ ಬರೀ ಬಿಳುಪು ಕಂಡಿತು.

ಕಾಲ ಮುಂದೆ ಸುಣ್ಣದ ಅಂಚುಗೆರೆ. ದಾಟಿದರೆ ಟೀಮಿಲ್ಲ, ಮದ್ರಾಸಿಲ್ಲ, ಹೇರೋಹಳ್ಳಿ. ದಾಟದಿದ್ದರೆ ಇಲ್ಲೇ ಬೀಳುತ್ತಾಳೆ. ಪ್ರಾಣಭಯ ಎಂದರೆ ಇದೇನಾ?

ಆಗ ಒಂದು ಸಣ್ಣ ಲೆಕ್ಕ ಹೊಳೆಯಿತು.

'ಮೂರು ವಾರದಿಂದ ಇವನಿಗೆ ನನ್ನ ಗುಟ್ಟು ಗೊತ್ತು. ಮೇಡಂ ಕಿವಿಗೆ ಒಂದು ಮಾತು ಹಾಕಿದ್ರೆ ಸಾಕಿತ್ತು... ಹಾಕಲಿಲ್ಲ.'

ಇಂದ್ರಾ ಗೆರೆ ದಾಟಿದಳು.

ಅವನು ಬೆಂಚಿನ ಮೇಲೆ ಕೂರಿಸಿ, ಸೋಡಾ ಬಾಟಲಿಯ ಬಿರಡೆ ತೆಗೆದು ಕೊಟ್ಟ. ಬಿಸಿ ಡಿಕಾಕ್ಷನ್. ಹಾಲಿಲ್ಲ, ಸಕ್ಕರೆಯಿಲ್ಲ. ಕಹಿ!

"ಕುಡೀರಿ. ನಮ್ಮವ್ವಂಗೂ ಉಬ್ಬಸ. ಲಗ್ಗೆರೇಲಿ ಎರಡು ಸೇರು ರಾಗಿ ಬೀಸ್ತಾಳೆ. ಸ್ವಲ್ಪ ಬೀಸ್ತಾಳೆ, ಕೂತ್ಕೋತಾಳೆ, ಇದನ್ನ ಕುಡೀತಾಳೆ, ಮತ್ತೆ ಬೀಸ್ತಾಳೆ. ಒಂದ್ಸಲ ಕೂತ್ಲು ಅಂತ ಯಾರೂ ಅವಳ ಕೈಯಿಂದ ಗೂಟ ಕಿತ್ಕೊಳ್ಳಲ್ಲ."

ಅವಳು ಗುಟುಕರಿಸಿದಳು.

ಅಲಮೇಲು ಮೇಡಂ ಬಂದು ನಿಂತರು. "ಉಬ್ಬಸ ಅಂತ ಯಾಕೆ ಹೇಳಲಿಲ್ಲ? ಜ್ವರ ಅಂತ ಸುಳ್ಳು ಚೀಟಿ ಬೇರೆ!"

"ತೆಗೆದುಹಾಕ್ತೀರಿ ಅಂತ... ಭಯ ಆಯ್ತು ಮೇಡಂ."

"ಹಳೇ ನಿಯಮದಲ್ಲಾದ್ರೆ ತೆಗೆದುಹಾಕ್ತಿದ್ದೆ," ಎಂದರು ಮೇಡಂ. ಸುಳ್ಳು ಸಮಾಧಾನ ಹೇಳುವವರಲ್ಲ. "ಎದ್ದೇಳೋಕಾದಾಗ ಹೇಳು. ಒಳಗೆ ಕಳಿಸ್ತೀನಿ."

ಇಂದ್ರಾ ಆ ದಿನ ಮೂರು ಸಲ ಹೊರಗೆ ಬಂದಳು. ಮೂರು ಸಲವೂ ಒಳಗೆ ಹೋದಳು. ಉಬ್ಬಸವೇನೂ ವಾಸಿಯಾಗಲಿಲ್ಲ. ಅದು ವಾಸಿಯಾಗುವ ರೋಗವೂ ಅಲ್ಲ. ಸಂಜೆ ಓದಿದ ಹತ್ತು ಹೆಸರುಗಳಲ್ಲಿ ಅವಳದು ಒಂಬತ್ತನೆಯದು.

ಅಪ್ಪನಿಗೆ ಒಂಬತ್ತಾದರೂ ಒಂದೇ, ಒಂದಾದರೂ ಒಂದೇ.

* * *

ಬಸ್ಸಿನ ಕಂಬದ ಬಳಿ ಅವನು ಸೈಕಲ್ ಹಿಡಿದು ನಿಂತಿದ್ದ.

"ಅವತ್ತು ಮೆಟ್ಟಿಲ ಹತ್ರ ಹಂಗೆ ಅಂದಿದ್ದು... ತಪ್ಪಾಯ್ತು," ಎಂದಳು ಇಂದ್ರಾ.

"ಮೊದಲು ಬರೆದಿದ್ದು ಮೂರನೇದನ್ನೇ. ಅದೊಂದನ್ನೇ ಕೊಟ್ರೆ ಯಾರಿಗೋಸ್ಕರ ಅಂತ ಕೇಳ್ತಾರೆ ಅಂತ, ಮುಂದೆ ಎರಡು ಸೇರಿಸ್ದೆ."

"ಯಾರಿಗೋಸ್ಕರ?"

ಅವನು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒರೆಸಿದ.

"ಟ್ಯಾಂಕಿನ ಹಿಂದೆ ಯಾರೂ ಇರಲಿಲ್ಲ ಅಂದಿದ್ನಲ್ಲ... ಅವರಿಗೋಸ್ಕರ."

ಇಂದ್ರಾಳ ಎದೆ ಮತ್ತೆ ಬಿಗಿಯಿತು. ಈ ಸಲ ಸಿಳ್ಳೆಯಿರಲಿಲ್ಲ.

"ನಾನು ಮದ್ರಾಸಿಗೆ ಹೋದ್ರೆ ಒಂದು ವರ್ಷ ರೀ. ನನಗೆ ಭಯ. ಹೋದ್ಮೇಲೆ ಇಲ್ಲಿ ನನ್ನ ಜಾಗ..."

"ಹೋಗಿ ಬನ್ನಿ. ಆ ನಿಯಮ ಬರೆದವನು ನಾನು."

"ಲೀಗಿನ ಸಮಿತಿ ಅದನ್ನ ಒಪ್ಪುತ್ತಾ?"

"ಗೊತ್ತಿಲ್ಲ. ಮೂವರು ಮುದುಕರು ಈಗ್ಲೇ ಬೇಡ ಅಂತಿದಾರೆ."

ಮಾರೇನಹಳ್ಳಿ ಕಡೆಯ ಬಸ್ಸು ಧೂಳೆಬ್ಬಿಸುತ್ತ ಬಂತು. ಇಂದ್ರಾ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ತಿರುಗಿದಳು.

"ಅವರು ಬೇಡ ಅನ್ಲಿ ಬಿಡಿ. ನಾನು ಒಪ್ಕೊಂಡೆ."

"ಏನು? ನಿಯಮಾನಾ?"

"ಬರೆದವರನ್ನೂ," ಎಂದಳು.