ಕಪ್ಸ್ ಬದುಕಿದೆಯೇ?

ಬೆಳಿಗ್ಗೆ ನಾನು ಕಚೇರಿಗೆ ಬರುವಷ್ಟರಲ್ಲಿ ಅಪರಾಧ ನಡೆದುಹೋಗಿತ್ತು. ಅಪರಾಧಿ ಯಾರೆಂದು ನಮ್ಮ ಯಜಮಾನಿ ಮಡಮ್ ಇನ್ಸಾಫ್ ತೀರ್ಮಾನಿಸಿಯೂ ಆಗಿತ್ತು. ಏನು ಕಳುವಾಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಲೆಕ್ಸಾಂಡ್ರಿಯಾದ ಮನ್ಶಿಯ್ಯಾ ಬಡಾವಣೆಯಲ್ಲಿ ನಮ್ಮದೊಂದು ಭಾಷಾಂತರ ಕಚೇರಿ. ಜನನಪತ್ರ, ವಿವಾಹಪತ್ರಗಳನ್ನು ಇಟಾಲಿಯನ್ನಿಗೋ ಗ್ರೀಕಿಗೋ ತಿರುಗಿಸಿ, ಮುದ್ರೆ ಒತ್ತಿ ಕೊಡುವುದು ಕೆಲಸ. ಅಂದು ಪ್ರಿಂಟರ್ ಒಂದು ಹಾಳೆಯನ್ನೂ ಉಗುಳಲಿಲ್ಲ. ಕಂಪ್ಯೂಟರುಗಳನ್ನೆಲ್ಲ ಲಿನಕ್ಸ್ ಎಂಬ ಹೊಸ ವ್ಯವಸ್ಥೆಗೆ ಬದಲಾಯಿಸಿದವನು ನಮ್ಮ ಕಂಪ್ಯೂಟರ್ ಇಂಜಿನಿಯರ್ ವಗ್ದಿ. ಆದ್ದರಿಂದ ಕೆಡಿಸಿದವನೂ ಅವನೇ.

"ಪ್ರಿಂಟ್ ಸಾಫ್ಟ್‌ವೇರ್ ಕಿತ್ತು ಹಾಕಿದ್ದಾನೆ," ಎಂದರು ಮಡಮ್. "ರಜೆ ಕೊಡ್ಲಿಲ್ಲ ಅಂತ ಸೇಡು. ಮಧ್ಯಾಹ್ನದೊಳಗೆ ಪೇಪರ್ ಬರ್ದಿದ್ರೆ ಇವನು ಮನೆಗೆ ಹೋಗ್ಲಿ."

ವಗ್ದಿ ರಜೆ ಕೇಳಿದ್ದು ತನ್ನ ನಿಶ್ಚಿತಾರ್ಥಕ್ಕೆ. ಕೆಲಸ ಕಳೆದುಕೊಂಡ ಗಂಡಿಗೆ ನಿಶ್ಚಿತಾರ್ಥ ಯಾರು ಮಾಡುತ್ತಾರೆ? ಅವನ ಮುಖ ಸುಣ್ಣ ಬಳಿದಂತಿತ್ತು. ಹಿರಿಯ ಭಾಷಾಂತರಕಾರ ಉಸ್ತಾಜ್ ರುಶ್ದಿಗೆ ಮೊದಲಿನಿಂದಲೂ ಲಿನಕ್ಸ್ ಕಂಡರೆ ಆಗದು. ಅವರ ಮುಖ ಮಾತ್ರ ಪ್ರಸನ್ನವಾಗಿತ್ತು.

ಅದೇ ಹೊತ್ತಿಗೆ ಲಬೀಬ್ ಬೇ ಒಳಗೆ ಬಂದರು. ನಿವೃತ್ತ ಪೊಲೀಸ್ ಅಧಿಕಾರಿ; 'ಬೇ' ಎನ್ನುವುದು ಗೌರವಕ್ಕೆ. ಪಕ್ಕದ ಮನೆಯ ಹಾಜಿ ಅನ್ವರ್ ತೀರಿಕೊಂಡು ಬೀದಿಯಲ್ಲಿ ಸಂತಾಪದ ಶಾಮಿಯಾನ ಹಾಕಿದ್ದರು. ಆ ಸಂಬಂಧ ಬಂದಿದ್ದ ಬೇ ಕಾಫಿಗೆಂದು ಮಹಡಿಯ ನಮ್ಮ ಕಚೇರಿಗೆ ಹತ್ತಿ ಬಂದಿದ್ದರು. ಕಂಪ್ಯೂಟರ್ ಎಂದರೆ ಅವರಿಗೆ ಟೀವಿಯ ದಾಯಾದಿ, ಅಷ್ಟೆ. ಆದರೂ ಎಲ್ಲರ ದೂರನ್ನೂ ಕೇಳಿದರು.

"ಕೊಲೆ ಅನ್ನೋಕೆ ಮುಂಚೆ ಆಸಾಮಿ ಇದ್ದಾನೋ ಇಲ್ವೋ ನೋಡ್ಬೇಕು," ಎಂದರು. "ಇಂಜಿನಿಯರ್ ಸಾಹೇಬ್ರೆ, ಸಾಫ್ಟ್‌ವೇರ್ ಹೆಸರೇನು?"

"ಕಪ್ಸ್, ಬೇ."

"ಅದು ಒಳಗಿದೆಯಾ ಅಂತ ಯಂತ್ರವನ್ನೇ ಕೇಳಿ."

ಎಲ್ಲರ ಹಾಳೆಗಳೂ ಪ್ರಿಂಟರಿಗೆ ಹೋಗುವುದು ಮಡಮ್ ಕೋಣೆಯ ಮುಖ್ಯ ಕಂಪ್ಯೂಟರಿನ ಮೂಲಕ; ವಗ್ದಿ ಅದರಲ್ಲಿ ಒಂದು ಸಾಲು ಬರೆದ. ಕಪ್ಪು ಪರದೆ ಉತ್ತರಿಸಿತು—ಕಪ್ಸ್ ಸ್ಥಾಪಿತವಾಗಿದೆ.

"ಕಿತ್ತಿಲ್ಲ. ಈಗ ಅದು ನಡೀತಾ ಇದೆಯಾ ಕೇಳಿ."

ಇನ್ನೊಂದು ಸಾಲು. ಈ ಸಲದ ಉತ್ತರ: ನಿಷ್ಕ್ರಿಯ, ಸತ್ತಿದೆ.

ರುಶ್ದಿ ತಲೆದೂಗಿದರು. ವಗ್ದಿ ತಡವರಿಸುತ್ತ, ಅದು ಸಾವಲ್ಲ, ಕೆಲಸವಿಲ್ಲದಾಗ ಕಪ್ಸ್ ಮಲಗುತ್ತದೆ, ಕರೆದರೆ ಏಳುತ್ತದೆ ಎಂದ. ಸತ್ತಿದೆ ಎಂದು ಯಂತ್ರವೇ ಹೇಳಿದಮೇಲೆ ಇವನ್ಯಾವ ಹೊಸ ವೈದ್ಯ ಎಂದು ಮಡಮ್ ಕೇಳಿದರು. ವಗ್ದಿ ಮತ್ತೊಂದು ಸಾಲು ಬರೆದು ಕರೆದ. ಕಪ್ಸ್ ಓಗೊಟ್ಟಿತು. ಈಗ ಸ್ಥಿತಿ ಕೇಳಿದರೆ—ಸಕ್ರಿಯ, ನಡೆಯುತ್ತಿದೆ.

ಇದೆ. ಸತ್ತಿದೆ. ಬದುಕಿದೆ. ಆದರೂ ಹಾಳೆ ಬರುತ್ತಿಲ್ಲ. ನನಗೆ ಕಾಫಿ ಕುಡಿದೆನೋ ಇಲ್ಲವೋ ಎಂಬುದೂ ಮರೆತುಹೋಯಿತು.

ಲಬೀಬ್ ಬೇ ಮಾತ್ರ ಕಪ್ ಕೆಳಗಿಟ್ಟರು. "ಕೈಯಲ್ಲಿ ಕೆಲಸ ಇಟ್ಕೊಂಡು ಮಲಗುತ್ತಾ ಇದು?"

"ಇಲ್ಲ ಬೇ. ಒಂದು ಹಾಳೆ ಬಾಕಿ ಇದ್ರೂ ಎದ್ದೇ ಇರುತ್ತೆ."

"ಉಸ್ತಾಜ್ ರುಶ್ದಿ, ಬೆಳಿಗ್ಗೆಯಿಂದ ಎಷ್ಟು ಸಲ ಕಳಿಸಿದ್ರಿ?"

"ಬೇಕಾದಷ್ಟು ಸಲ."

"ಕಂಪ್ಯೂಟರ್ ಏನೂ ಹೇಳ್ಲಿಲ್ವಾ?"

"ಏನೋ ಒಂದು ಚೌಕ ಎದುರಿಗೆ ಬರ್ತಿತ್ತು. ಸರಿ ಅಂತ ಒತ್ತಿ ಅದನ್ನ ಸಾಗಹಾಕಿದೆ."

ಓದಲಿಲ್ಲವೇ ಎಂದು ಬೇ ಕೇಳಿದರು. ದಿನವಿಡೀ ಪರರ ಪತ್ರಗಳನ್ನು ಓದುವವರು ಅಂಥ ಚೌಕಗಳನ್ನು ಓದುವುದಿಲ್ಲ.

"ನೀವೆಲ್ಲ ಹಾಳೆ ಕಳಿಸಿದ್ದೀರಿ. ಆದ್ರೂ ಇದು ಮಲಗಿತ್ತು," ಎಂದರು ಬೇ. "ಅಂದ್ರೆ ನಿಮ್ಮ ಹಾಳೆ ಇದರ ಕೈಗೆ ಬಂದೇ ಇಲ್ಲ. ಬಾಗಿಲಲ್ಲೇ ತಡೆದಿದ್ದಾರೆ. ಸತ್ತಿದೆ ಅನ್ನೋ ಮಾತು ಹಿಡ್ಕೊಂಡು ಕೂಗಾಡಿದ್ರಿ, ಯಾಕೆ ಮಲಗಿದೆ ಅಂತ ಕೇಳ್ಲಿಲ್ಲ. ಸಾಹೇಬ್ರೆ, ಬಾಗಿಲು ನೋಡಿ."

ವಗ್ದಿ ನೋಡಿದ. ಪರದೆಯ ಮೇಲೆ: ನಿನ್ನೆ ಸಂಜೆಯಿಂದ ಪ್ರಿಂಟರ್ ಕೆಲಸಗಳನ್ನು ಸ್ವೀಕರಿಸುತ್ತಿಲ್ಲ.

"ನಿನ್ನೆ ಸಂಜೆ!" ಎಂದರು ಮಡಮ್. "ಇವನು ಇಲ್ಲೇ ಇದ್ದ."

"ಎಲ್ಲರೂ ಇದ್ರು. ಆದ್ರೆ ಸೇಡು ತೀರಿಸ್ಕೊಳ್ಳೋನು ಕಿತ್ತು ಬಿಸಾಕ್ತಾನೆ, ಇಷ್ಟು ಮೆತ್ತಗೆ ಬಾಗಿಲು ಮುಂದೆ ಮಾಡಿ ಹೋಗಲ್ಲ. ಇದು ಸದ್ದು ಬೇಡ ಅನ್ನೋರ ಕೆಲಸ." ಬೇ ಪ್ರಿಂಟರಿನ ಹಿಂದಿನ ಗೋಡೆಯನ್ನು ಬೆರಳಿನಿಂದ ತಟ್ಟಿದರು. "ಇದರಾಚೆ ಹಾಜಿ ಅನ್ವರ್ ಮನೆಯ ಹಜಾರ. ಸಂಜೆ ಅಲ್ಲಿ ಕುರಾನ್ ಪಠಣ. ಗಂಡಸರು ನಾವೆಲ್ಲ ಕೆಳಗೆ ಶಾಮಿಯಾನದಲ್ಲಿ—ನಮಗೆ ಕೇಳಿದ್ದು ಕಾರುಗಳ ಹಾರನ್. ಈ ಯಂತ್ರದ ಸದ್ದು ಕೇಳಿ ಮುಜುಗರ ಪಟ್ಟಿದ್ರೆ, ಒಳಗೆ ಹೆಂಗಸರ ಜೊತೆ ಕೂತಿದ್ದೋರೇ ಪಡಬೇಕು. ಈ ಕಚೇರಿಯಿಂದ ಅಲ್ಲಿ ಕೂತಿದ್ದೋರು ಒಬ್ಬರೇ, ಮಡಮ್ ಇನ್ಸಾಫ್."

ಮಡಮ್ ಕಪ್ಪು ತಲೆವಸ್ತ್ರ ಸರಿಪಡಿಸಿಕೊಂಡರು. ಬಹಳ ಹೊತ್ತು ಸರಿಪಡಿಸಿಕೊಂಡರು.

"ರುಶ್ದಿ ದೊಡ್ಡ ಫೈಲ್ ಹಾಕಿ ಕೆಳಗಿಳಿದಿದ್ರು," ಎಂದರು ಕೊನೆಗೆ. "ಪಠಣದ ಮಧ್ಯೆ ಗರಗರ ಅಂತ ಒಂದೇ ಸಮನೆ. ಹಾಜಿಯ ಹೆಂಡ್ತಿ ನನ್ನ ಮುಖ ನೋಡಿದ್ಲು, ನೆಲ ಬಿರೀಬಾರ್ದಾ ಅನ್ನಿಸ್ತು. ಆ ಫೈಲ್ ಮುಗಿಯೋ ಹೊತ್ತಿಗೆ ಎದ್ದು ಬಂದೆ. ಬರೀ ಪ್ರಿಂಟರ್ ಸ್ವಿಚ್ ಆರಿಸಿದ್ರೆ ಇವರಲ್ಲಿ ಯಾರಾದ್ರೂ ಬಂದು ಮತ್ತೆ ಹಾಕ್ತಾರೆ. ಅದಕ್ಕೆ ಈ ಕಂಪ್ಯೂಟರಲ್ಲಿ 'ಕೆಲಸ ಸ್ವೀಕರಿಸು' ಅನ್ನೋ ಗುರುತು ತೆಗೆದೆ. ರಾತ್ರಿ ಕಂಪ್ಯೂಟರ್ ಆರಿಸಿ ಬೆಳಿಗ್ಗೆ ಹಾಕಿದ್ರೆ ಎಲ್ಲಾ ಮೊದಲಿನ ಹಾಗೇ ಆಗತ್ತಲ್ವಾ?"

"ಆಗಲ್ಲ ಮಡಮ್. ಅದು ನೆನಪಿಟ್ಕೊಳ್ಳುತ್ತೆ," ಎಂದ ವಗ್ದಿ. ಅವನ ದನಿ ಏರಲಿಲ್ಲ.

ಮಡಮ್ ಕ್ಷಮೆ ಕೇಳುವ ಜಾತಿಯವರಲ್ಲ. ಎದ್ದು, ತಮ್ಮ ಕುರ್ಚಿಯನ್ನು ಅವನ ಕಡೆ ತಳ್ಳಿದರು. ವಗ್ದಿ ಕೂತು ಗುರುತು ಹಾಕಿದ. ರುಶ್ದಿ ಒಲ್ಲದ ಮನಸ್ಸಿನಿಂದ ಮತ್ತೊಮ್ಮೆ ಕಳುಹಿಸಿದರು. ಯಂತ್ರ ಗಂಟಲು ಸರಿಮಾಡಿಕೊಂಡು ಗ್ರೀಕಿನಲ್ಲಿ ಒಂದು ಜನನಪತ್ರ ಹೊರಹಾಕಿತು.

"ವಗ್ದಿ, ಸಂಜೆ ಪಠಣ ಶುರು ಆಗೋ ಮುಂಚೆ ಈ ಬಾಗಿಲು ನೀನೇ ಮುಚ್ಚು," ಎಂದರು ಮಡಮ್, ಹಾಳೆಯನ್ನು ನೋಡುತ್ತಲೇ. "ಬೆಳಿಗ್ಗೆ ನೀನೇ ಬಂದು ತೆಗಿ."

"ನಾಳೆ ಬೆಳಿಗ್ಗೆಯಾ, ಮಡಮ್? ಅಂದ್ರೆ, ಕೆಲಸಕ್ಕೆ ಬರ್ಲಾ?"

"ಮತ್ತಿನ್ಯಾವಾಗ? ಮುದ್ರೆ ಎಲ್ಲಿ, ಈ ಕಡೆ ಕೊಡು."