ಸುಮೋನನ್ನು ತಿಂದವಳು

"ಸುಮೋ ಇಲ್ಲ!"

ಸೋಸುಕೆ ಕೂಗಿದ ರಭಸಕ್ಕೆ ಟೊಮೆಟೊ ಪಾತಿಯಲ್ಲಿದ್ದ ಗುಬ್ಬಿಗಳು ಪುರ್ರನೆ ಹಾರಿದವು. ಕಳೆ ಕೀಳುತ್ತಿದ್ದ ನಾಲ್ಕನೇ ತರಗತಿಯ ಮಕ್ಕಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬಳ್ಳಿಯ ಹತ್ತಿರ ಓಡಿ ಬಂದರು.

ಆಗಸ್ಟ್ ತಿಂಗಳು; ಜಪಾನಿನ ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ. ಶಾಲೆಯ ತೋಟವನ್ನು ಚೊಕ್ಕ ಮಾಡಲು ಅವತ್ತು ಎಲ್ಲರೂ ಬಂದಿದ್ದರು.

ಸುಮೋ ಅಂದರೆ ಒಂದು ತುಪ್ಪದ ಹೀರೆಕಾಯಿ. ಮಕ್ಕಳೇ ಬೀಜ ಹಾಕಿ, ಬಲೆ ಕಟ್ಟಿ ಹಬ್ಬಿಸಿದ ಬಳ್ಳಿಯ ಮೊದಲ ಕಾಯಿ. ಸುಮೋ ಪೈಲ್ವಾನನ ಹಾಗೆ ದಿನದಿನಕ್ಕೆ ದಪ್ಪವಾಗುತ್ತಿದ್ದುದರಿಂದ ಆ ಹೆಸರು. ಈಗ ಅಲ್ಲಿ ಬರೀ ತೊಟ್ಟು ಉಳಿದಿತ್ತು.

"ಕಾಗೆ ಕಚ್ಕೊಂಡು ಹೋಗಿರ್ಬೇಕು," ಎಂದಳು ರಿಂಕೊ.

"ಕಾಗೆ ಕತ್ತರಿ ಹಿಡ್ಕೊಂಡು ಬರುತ್ತಾ? ತೊಟ್ಟು ನೋಡು, ಎಷ್ಟು ನೀಟಾಗಿ ಕತ್ತರಿಸಿದಾರೆ!"

ಸೋಸುಕೆಯ ಮುಖ ಕೆಂಪಾಗಿತ್ತು. ಸರದಿ ಇರಲಿ ಬಿಡಲಿ, ರಜೆಯಲ್ಲೂ ದಿನಾ ಬೆಳಿಗ್ಗೆ ಬಂದು ಸುಮೋನನ್ನು ಅಳೆಯುತ್ತಿದ್ದವನು ಅವನು. ನಿನ್ನೆ ಒಂದು ದಿನ ಅಜ್ಜಿ ಮನೆಗೆ ಹೋಗಿದ್ದ, ಅಷ್ಟೇ.

ಎಲ್ಲರ ಹಿಂದೆ ಮಾಯು ನಿಂತಿದ್ದಳು. ಸುಮೋ ಎಲ್ಲಿದ್ದಾನೆಂದು ಅವಳೊಬ್ಬಳಿಗೇ ಗೊತ್ತಿತ್ತು. ಅವಳ ಹೊಟ್ಟೆಯಲ್ಲಿದ್ದ.

ನಿನ್ನೆ ತೋಟಕ್ಕೆ ನೀರು ಹಾಕುವ ಸರದಿ ಅವಳದು. ರಜೆಗೆ ಮುಂಚೆಯೇ ಮಿಜೊಗುಚಿ ಟೀಚರ್ ಹೇಳಿದ್ದರು: "ನೀರು ಹಾಕಿದವರು ಅವತ್ತು ಕೊಯ್ಲಿಗೆ ಬಂದ ತರಕಾರಿ ಮನೆಗೆ ಒಯ್ಯಬಹುದು." ಹಾಗಾಗಿ ಎಲ್ಲರೂ ಬದನೆ, ಸೌತೆ ಒಯ್ಯುತ್ತಿದ್ದರು. ಮಾಯು ಹೀರೆಕಾಯಿ ಒಯ್ದಳು.

ಅವಳ ಮನೆಯವರು ಒಕಿನಾವ ದ್ವೀಪದಿಂದ ಈ ಊರಿಗೆ ಬಂದದ್ದು ಬೀಜ ಹಾಕಿಯಾದ ಮೇಲೆ, ಜೂನ್‌ನಲ್ಲಿ. ಅವರ ದ್ವೀಪದಲ್ಲಿ ಎಳೆ ಹೀರೆಕಾಯಿಗೆ ತೋಫು, ಸೋಯಾ ಹುಳಿಸಿ ಮಾಡಿದ ಮಿಸೊ ಹಾಕಿ ಬೇಯಿಸುತ್ತಾರೆ. ಸುಮೋನನ್ನು ಕಂಡಾಗ ಅವಳಿಗೆ, 'ಅಯ್ಯೋ, ಇನ್ನೆರಡು ದಿನ ಬಿಟ್ಟರೆ ನಾರಾಗುತ್ತೆ! ಪಾಪ, ಯಾರೂ ಗಮನಿಸಿಲ್ಲ' ಅನ್ನಿಸಿತ್ತು. ಹೆಸರಿಟ್ಟದ್ದನ್ನು ತಿನ್ನಬಾರದೆಂದೂ ಅವಳಿಗೆ ತೋಚಲಿಲ್ಲ. ಅವಳ ಅಜ್ಜಿ ತಿನ್ನಲು ಸಾಕಿದ ಹಂದಿಗಳಿಗೂ ಹೆಸರಿಡುತ್ತಿದ್ದಳು.

ಅಮ್ಮನಿಗಂತೂ ಹಬ್ಬ. "ನನ್ ಬಂಗಾರ! ಇಲ್ಲಿ ಅಂಗಡಿ ಅಂಗಡಿ ಹುಡುಕಿ ಸಾಕಾಗಿತ್ತು ಕಣೇ!" ಎಂದಿದ್ದಳು.

"ಇದು ಬಿ ಸೆಕ್ಷನ್‌ನವರದ್ದೇ ಕೆಲಸ!" ದೈಚಿ ತೋಳು ಮಡಚಿದ. "ಅವರ ಕಾಯಿ ಪೆನ್ಸಿಲ್ ಥರ ಇದೆ. ಹೊಟ್ಟೆಕಿಚ್ಚು!"

"ಒಣಗಿಸಿ ಸ್ಪಂಜ್ ಮಾಡೋಣ ಅಂತ ಎಷ್ಟು ದಿನದಿಂದ ಕಾಯ್ತಿದ್ವಿ!" ಎಂದ ಇನ್ನೊಬ್ಬ.

"ಬನ್ರೋ, ಕೇಳೇ ಬಿಡೋಣ!"

ಸ್ಪಂಜಾ? ಮಾಯು ಬಳ್ಳಿಯ ತೊಟ್ಟನ್ನು ಮತ್ತೆ ನೋಡಿದಳು. ಅಷ್ಟರಲ್ಲಿ ಹುಡುಗರು ಬಿ ಸೆಕ್ಷನ್‌ನ ಪಾತಿಯ ಕಡೆ ಹೊರಟೇ ಬಿಟ್ಟಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ? ಇರುವ ಗೆಳತಿಯರೇ ಇಬ್ಬರು.

"ನಿಲ್ರಿ! ಅವರಲ್ಲ. ನಾನೇ ಕೊಯ್ದಿದ್ದು."

"ಎಲ್ಲಿಟ್ಟಿದೀಯ?" ಸೋಸುಕೆ ಕೇಳಿದ.

"ತಿಂದೆ."

ಹೊರಟಿದ್ದ ಹುಡುಗರು ತಿರುಗಿ ಬಂದರು.

"ಏನು, ಮೈ ಉಜ್ಜೋ ಸ್ಪಂಜನ್ನ ತಿಂದ್ಯಾ?" ದೈಚಿ ಹೊಟ್ಟೆ ಹಿಡಿದುಕೊಂಡ. "ಸೋಪು ಹಚ್ಕೊಂಡು ತಿಂದ್ಯಾ, ಹಾಗೇನಾ?"

"ಟವೆಲ್ ಜೋಪಾನ ಕಣ್ರೋ, ಅದನ್ನೂ ತಿಂದಾಳು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಯು ತಿರುಗಿಬಿದ್ದಳು.

"ನಮ್ಮಲ್ಲಿ ಅದು ತರಕಾರಿ! ಅಷ್ಟು ರುಚಿಯಾಗಿರೋದನ್ನ ಬಲಿಯೋಕೆ ಬಿಟ್ಟು ಬೆನ್ನು ಉಜ್ಕೋತೀರಲ್ಲ, ನೀವೇ ವಿಚಿತ್ರ!"

ನಗು ನಿಂತಿತು. ಟೀಚರ್ ಬಂದು ತೊಟ್ಟನ್ನು ನೋಡಿದರು, ಮಾಯುವನ್ನೂ ನೋಡಿದರು. "ತರಕಾರಿ ಒಯ್ಯಿರಿ ಅಂದವಳು ನಾನೇ," ಎಂದು ಹಣೆ ಒರೆಸಿಕೊಂಡರು. "ಯಾವುದು ತರಕಾರಿ ಅಂತ ಹೇಳೋದನ್ನ ಮರೆತೆ."

ನಗದೇ ಇದ್ದವನು ಸೋಸುಕೆ ಒಬ್ಬನೇ. ಅವನು ನಲ್ಲಿಯ ಹತ್ತಿರ ಹೋಗಿ, ಮಣ್ಣೇ ಆಗದ ಕೈಯನ್ನು ತೊಳೆಯುತ್ತಾ ನಿಂತಿದ್ದ. ಮಾಯು ಪಕ್ಕದಲ್ಲಿ ಹೋಗಿ ನಿಂತಳು.

"ಸೋಸುಕೆ, ಸಾರಿ."

ನೀರು ಸುರಿಯುತ್ತಲೇ ಇತ್ತು. ಅವನು ನಲ್ಲಿ ನಿಲ್ಲಿಸಿ ಕೇಳಿದ, "ಚೆನ್ನಾಗಿತ್ತಾ?"

ಇಲ್ಲ ಅನ್ನಬೇಕೆನ್ನಿಸಿತು. ಆಗಲಿಲ್ಲ. "ತುಂಬಾ. ಅಪ್ಪ ಬಾಣಲೆ ಕೆರೆದು ತಿಂದ್ರು."

ನಗು ಬಂದು ಸೋಸುಕೆಯ ತುಟಿ ಒಂದಿಷ್ಟು ಅಲುಗಿತು. ಅವನು ಅದನ್ನು ಕಚ್ಚಿ ಹಿಡಿದ. "ಇನ್ನೂ ಬೆಳೀತಿತ್ತು ಗೊತ್ತಾ? ಬಲಿತಿರೋದು ಎಷ್ಟುದ್ದ ಇರುತ್ತೆ, ನೋಡಿದೀಯಾ?"

ಮಾಯು ಯೋಚಿಸಿದಳು. "ಇಲ್ಲ. ನಮ್ಮನೇಲಿ ಯಾವುದೂ ಅಷ್ಟು ದಿನ ಉಳಿಯಲ್ಲ."

ಬಳ್ಳಿಯಲ್ಲಿ ಬೆರಳುದ್ದದ ಎರಡು ಹೀಚುಗಳಿದ್ದವು. ಮಾರನೆಯ ದಿನ ಮಾಯು ಸರದಿಯಿಲ್ಲದೆಯೂ ಬಂದಳು. ಅದರ ಮಾರನೆಯ ದಿನವೂ. ನೇರವಾಗಿದ್ದ ಹೀಚು ಸೋಸುಕೆಗೆ ಇಷ್ಟ. ಇನ್ನೊಂದು ಸೊಟ್ಟಗಿತ್ತು, ಎಲೆಯ ಹಿಂದೆ ಅವಿತಿತ್ತು. ಮಾಯು ಆ ಎಲೆಯನ್ನು ಪಕ್ಕಕ್ಕೆ ಸರಿಸಿ ಬಲೆಗೆ ಸಿಕ್ಕಿಸಿದಳು. ದಿನಾ ಬೆಳಿಗ್ಗೆ ಅದಕ್ಕೆ ಗೇಣು ಹಾಕಿ ನೋಡುತ್ತಿದ್ದಳು. "ಬಾಗಿದೀಯಲ್ಲೋ ಅಜ್ಜಪ್ಪ!" ಎಂದು ಬೈದೂ ಬೈದಳು.

ರಜೆ ಮುಗಿಯುವ ಹೊತ್ತಿಗೆ ಅದು ಅವಳ ಮುಂಗೈಯಷ್ಟು ಉದ್ದವಾಗಿತ್ತು. ಅವತ್ತು ಸೋಸುಕೆ ಕತ್ತರಿ ತಂದ.

"ಇವತ್ತು ನನ್ ಸರದಿ. ಮಿಸೊ ರೆಡಿ ಇಡು ಅಂತ ಅಮ್ಮನಿಗೆ ಹೇಳಿ ಬಂದಿದೀನಿ. ನೆಟ್ಟಗಿರೋದು ಸ್ಪಂಜಿಗೆ, ಸೊಟ್ಟ ಇರೋದು ಅಡುಗೆಗೆ. ಟೀಚರನ್ನೂ ಕೇಳಿದೆ. ಸಿಪ್ಪೆ ತೆಗೀಬೇಕಾ?"

"ಹೂಂ. ತೆಳ್ಳಗೆ. ಜಾಸ್ತಿ ಹೆರೀಬೇಡ," ಎಂದಳು ಮಾಯು. ಅವಳಿಗೆ ಖುಷಿಯಾಗಿತ್ತು. ಅವಳ ಮನೆಯ ಅಡುಗೆ ಸೋಸುಕೆಯ ಮನೆಗೂ ಹೋಗುತ್ತಿದೆ!

ಸೋಸುಕೆ ಸೊಟ್ಟ ಕಾಯಿಯನ್ನು ಅಂಗೈಯಲ್ಲಿ ಹಿಡಿದ. ಕಚಕ್.

"ಅಯ್ಯೋ!"

ಕೂಗಿದ್ದು ತಾನೇ ಎಂದು ತಿಳಿದು ಮಾಯುವಿಗೇ ಆಶ್ಚರ್ಯವಾಯಿತು.

ಸೋಸುಕೆ ತಿರುಗಿ ನೋಡಿದ. "ಏನಾಯ್ತು?"

"ಏನಿಲ್ಲ... ನಿನ್ನೆಗಿಂತ ಉದ್ದ ಆಗಿತ್ತು, ಅದಕ್ಕೆ."

"ಗೊತ್ತು," ಎಂದ ಸೋಸುಕೆ.

ಅವನು ಕಾಯಿಯನ್ನು ಚೀಲಕ್ಕೆ ಹಾಕಲಿಲ್ಲ. ಅವಳ ಕೈಗೆ ಕೊಟ್ಟ. ಅದು ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಮಾಯು ಅದಕ್ಕೆ ಕೊನೆಯ ಸಲ ಗೇಣು ಹಾಕಿ ನೋಡಿದಳು.